ಜೋಡಿಯವನ ಪಾದ

ಇದನ್ನು ಬರೆಯುವುದನ್ನು ಎಷ್ಟು ಸಲ ಮುಂದಕ್ಕೆ ಹಾಕಿದೆನೋ ನನಗೇ ನೆನಪಿಲ್ಲ. ಮೊದಲು ಅಪ್ಪ ಇರುವವರೆಗೆ ಬೇಡ ಎಂದುಕೊಂಡೆ, ಆಮೇಲೆ ಹೆಂಡತಿ ಇರುವವರೆಗೆ. ಇಬ್ಬರೂ ಹೋಗಿ ಬಹಳ ವರ್ಷಗಳಾದವು. ನನಗೀಗ ಎಂಬತ್ತೇಳು. ಇನ್ನು ಯಾರ ನೆಪ ಹೇಳಲಿ?

ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ನಮ್ಮ ಮನೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಪಾದದ ತಪಾಸಣೆ ಇತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ತಿಳಿಯದೆ ಹೋಗಬಹುದೆಂದು ವರ್ಷಕ್ಕೊಮ್ಮೆ ಮಾಡುತ್ತಾರೆ. ಈ ಸಲ ಬಂದ ನರ್ಸು ಮೈಸೂರಿನ ಕಡೆಯ ಹುಡುಗಿ. ಹೆಸರು ಓದಿ, ನನ್ನ ಮುಖ ನೋಡಿ ಕನ್ನಡದಲ್ಲೇ ಮಾತಾಡಿಸಿದಳು. ಸ್ಟೂಲು ಎಳೆದು ಕೂತು ನನ್ನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಾಗ ನಾನು ಸರಕ್ಕನೆ ಹಿಂದಕ್ಕೆಳೆದುಕೊಂಡೆ.

"ಬ್ಯಾಡವ್ವ, ಕಾಲು ಮುಟ್ಟಬ್ಯಾಡ."

"ತಾತ, ನನ್ನ ಕೆಲಸಾನೇ ಇದು. ಇವತ್ತು ಪಟ್ಟಿಯಲ್ಲಿ ಹದಿನಾಲ್ಕು ಜನ ಇದ್ದಾರೆ. ಎಲ್ಲರೂ ಹೀಗೆ ಕಾಲು ಎಳ್ಕೊಂಡ್ರೆ ನಾನು ಮನೆಗೆ ಹೋಗೋದು ಯಾವಾಗ?"

ಆಮೇಲೆ ಒಂದು ಡಬ್ಬಿಯ ಮುಚ್ಚಳ ತೆಗೆದು, ಬೆರಳುಗಳ ಸಂದಿಗೆ ಬಿಳಿ ಪುಡಿ ಹಾಕಿದಳು. ಆ ವಾಸನೆ... ಸುಣ್ಣದಂತೆ, ಸ್ವಲ್ಪ ಔಷಧಿಯಂತೆ, ಒಣಗಿದ ಘಾಟು. ಅರವತ್ತೆಂಟು ವರ್ಷದ ಹಿಂದೆ ಐದು ದಿನ ಅದೇ ವಾಸನೆ ನನ್ನ ಕಾಲಿಗಿತ್ತು. ಹಾಕಿದವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಸೈನ್ಯದ ಅವನ ನಂಬರೂ ನೆನಪಿದೆ. ಆದರೆ ಆ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ಅಲ್ಲಿ ಅವನನ್ನು ನನ್ನ ಜೋಡಿ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾನು ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಹದಿನಾರನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವನು. ಅಪ್ಪ ಡಾಕ್ಟರು, ಮೊದಲೇ ಬಂದು ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿದ್ದರು. ನನ್ನ ಓದು ಮುಂದುವರಿಯಲಿಲ್ಲ. ಬಟ್ಟೆಯ ಗೋದಾಮೊಂದರಲ್ಲಿ ಗುಮಾಸ್ತನಾದೆ. ಆ ಕಾಲಕ್ಕೆ ಈ ದೇಶದ ಹುಡುಗರು ಎರಡು ವರ್ಷ ಕಡ್ಡಾಯವಾಗಿ ಸೈನ್ಯದಲ್ಲಿರಬೇಕಿತ್ತು. ಇಲ್ಲಿ ಬಂದು ನೆಲೆಸಿದ ನಮ್ಮಂಥವರಿಗೂ ಅದು ತಪ್ಪುವುದಿಲ್ಲ ಎಂಬುದು ಕಂದು ಲಕೋಟೆ ಮನೆಗೆ ಬಂದಾಗಲೇ ಗೊತ್ತಾದದ್ದು. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ, "ಹೋಗಬೇಕಾಗತದ" ಎಂದರು. ಅಷ್ಟೇ. ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಮುಂದಿನ ಎರಡು ವರ್ಷ ಯಾರೂ ಏನನ್ನೂ ಕೇಳಲಿಲ್ಲ. ಏಳು ಅಂದರೆ ಏಳಬೇಕು, ಮಲಗು ಅಂದರೆ ಮಲಗಬೇಕು.

ಯಾರ್ಕ್‌ಷೈರಿನ ಶಿಬಿರದಲ್ಲಿ ನನಗೆ ಸಿಕ್ಕ ಜೋಡಿ ಲೀಡ್ಸಿನವನು. ನನ್ನದೇ ವಯಸ್ಸು, ಕೆಂಪು ಕಿವಿ, ಅಗಲವಾದ ಅಂಗೈ. ಅವನ ಮಾತು ಮೊದಲ ವಾರ ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯತೊಡಗಿದ ಮೇಲೆ ಅದು ನಮ್ಮ ಧಾರವಾಡದ ಮಾತಿನಂತೆಯೇ ಒರಟಾಗಿ, ಸಲಿಗೆಯಾಗಿ ಕೇಳಿಸಿತು. ಈಗಲೂ ನನ್ನ ಕಿವಿಯಲ್ಲಿ ಅವನು ಹಾಗೇ ಮಾತಾಡುತ್ತಾನೆ, ಹಾಗೇ ಬರೆಯುತ್ತೇನೆ. ಅಪ್ಪ ಡಾಕ್ಟರು ಎಂದು ತಿಳಿದ ದಿನದಿಂದ ನನ್ನನ್ನು ಡಾಕ್ ಎಂದೇ ಕರೆದ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಉಳಿದವರು ನಕ್ಕರು. ಅವನು ನನ್ನ ಮಾಂಸದ ಡಬ್ಬಿ ತಾನು ತೆಗೆದುಕೊಂಡು ತನ್ನ ಚೀಸು, ಬಿಸ್ಕತ್ತು ನನ್ನ ಕಡೆಗೆ ತಳ್ಳಿದ.

"ನಿಮ್ಮ ದೇವ್ರು ಭಾಳ ಛಲೋ ಮನುಷ್ಯಾ ನೋಡಲೇ ಡಾಕ್. ನನ್ನ ಹೊಟ್ಟಿ ತುಂಬಸ್ಲಿಕ್ಕಂತನ ಈ ನೇಮ ಮಾಡ್ಯಾನ."

ಒಂದು ದಿನ ಮಾತಿಗೆ ಮಾತು ಬಂದು, ಮನೆಯಲ್ಲಿದ್ದಾಗ ಏನು ಕೆಲಸ ಎಂದು ಕೇಳಿದೆ. ಚರ್ಮ ಹದ ಮಾಡುವ ಕಾರ್ಖಾನೆ ಎಂದ. ಹದಿನೈದನೆಯ ವಯಸ್ಸಿನಿಂದ ಹಸಿ ಚರ್ಮವನ್ನು ಹೊಂಡದಲ್ಲಿ ಅದ್ದುವ, ತೆಗೆಯುವ ಕೆಲಸ. "ಸಾಕಾಗೇದ. ಇಲ್ಲಿಂದ ಬಿಟ್ಟಮ್ಯಾಲೆ ನಾ ಟಪಾಲು ಹಂಚಾಂವ. ನಮ್ಮ ಸ್ವಾದರಮಾವ ಮಾತಾಡಿ ಇಟ್ಟಾನ. ದಿನಾ ಹತ್ತು ಮೈಲಿ ನಡಿಯೂದು, ಹೊರಗಿನ ಗಾಳಿ. ಎರಡು ಗಟ್ಟಿ ಕಾಲು ಇದ್ರ ಸಾಕು."

ಆ ಕ್ಷಣ ನನ್ನೊಳಗೆ ಏನೋ ಹಿಂದಕ್ಕೆ ಸರಿಯಿತು. ಅದೇ ಇಷ್ಟು ವರ್ಷ ಯಾರಿಗೂ ಹೇಳಲಾಗದೆ ಉಳಿದದ್ದು. ನನ್ನನ್ನು ಬೆಳೆಸಿದವಳು ಅಜ್ಜಿ. ನಮ್ಮ ಓಣಿಗೆ ಚಪ್ಪಲಿ ಹೊಲಿಯಲು ಬರುತ್ತಿದ್ದವನ ಬೊಗಸೆಗೆ ಅವಳು ಎತ್ತರದಿಂದ ನೀರು ಸುರಿಯುತ್ತಿದ್ದಳು. ಚಪ್ಪಲಿ ಸಿಕ್ಕಿಸಿ ಬಡಿಯುವ ಅವನ ಗೂಟವನ್ನು ನಾನು ಮುಟ್ಟಿ ಬಂದ ದಿನ ಹಿತ್ತಲಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಹಾಕಿದ್ದಳು. ಕಾಲು ಮುಟ್ಟುವುದು ಸ್ವಾಮಿಗಳದ್ದು, ಹಿರಿಯರದ್ದು, ಬೇರೆ ಯಾರದ್ದೂ ಅಲ್ಲ ಎನ್ನುತ್ತಿದ್ದಳು. ನಮ್ಮ ಶರಣರಲ್ಲಿ ಚರ್ಮದ ಕೆಲಸದವರೂ ಇದ್ದರು ಎಂದು ಅಪ್ಪ ಹೇಳುತ್ತಿದ್ದರು, ಎಂಥವರ ಹುಣ್ಣನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೆ ಅಂಟಿದ್ದು ಮಾತ್ರ ಅಜ್ಜಿಯ ಮಾತು.

ಫೆಬ್ರುವರಿಯಲ್ಲಿ ನಮ್ಮನ್ನು ಐದು ದಿನದ ಯುದ್ಧಾಭ್ಯಾಸಕ್ಕೆ ಮೇಲಿನ ಬಯಲಿಗೆ ಕರೆದೊಯ್ದರು. ಮೂರ್ ಎನ್ನುತ್ತಾರೆ. ಒಂದು ಮರವೂ ಇಲ್ಲ, ಎಲ್ಲಿ ಕಾಲಿಟ್ಟರೂ ಜವುಗು. ಹಿಮ ಬೀಳುತ್ತಿತ್ತು, ಬಿದ್ದದ್ದು ಅರ್ಧ ಕರಗುತ್ತಿತ್ತು. ಗುಂಡಿ ತೋಡಬೇಕು, ಅದರಲ್ಲಿ ಕೂತು ಇಲ್ಲದ ಶತ್ರುವನ್ನು ಕಾಯಬೇಕು, ಮತ್ತೆ ಅದನ್ನು ಮುಚ್ಚಿ ಎರಡು ಮೈಲಿ ನಡೆದು ಇನ್ನೊಂದು ತೋಡಬೇಕು. ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಯಾಕೆ ಎಂದು ಕೇಳುವಂತಿಲ್ಲ. ಒಬ್ಬ ಅತ್ತ, ಅವನನ್ನೂ ನಡೆಸಿದರು.

ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಬೆಳಿಗ್ಗೆ ಬೂಟು ಬಿಚ್ಚಬೇಕು. ಒಬ್ಬನ ಪಾದವನ್ನು ಅವನ ಜೋಡಿಯವನು ಕೈಯಲ್ಲಿ ಹಿಡಿದು ನೋಡಬೇಕು, ಬೆಚ್ಚಗಿದೆಯೇ, ಬಣ್ಣ ಹೇಗಿದೆ ಎಂದು. ಉಜ್ಜಿ, ಒರೆಸಿ, ಪುಡಿ ಹಾಕಿ, ಒಣಗಿದ ಕಾಲುಚೀಲ ಹಾಕಿಸಬೇಕು. ಆಮೇಲೆ ನಮ್ಮ ತುಕಡಿಯ ಮೇಲಿನವನಾದ ಕಾರ್ಪೊರಲ್ ಬಂದು "ಪಾದ?" ಎಂದು ಕೇಳುತ್ತಾನೆ. ತನ್ನ ಪಾದದ ಬಗ್ಗೆ ತಾನೇ ಹೇಳುವಂತಿಲ್ಲ, ಜೋಡಿಯವನು ಹೇಳಬೇಕು. ಚಳಿಗೆ ಮರಗಟ್ಟಿದ ಕಾಲು ತನ್ನ ಒಡೆಯನಿಗೆ ಸುಳ್ಳು ಹೇಳುತ್ತದೆ, ಅದಕ್ಕೇ ಈ ನಿಯಮ ಎಂದು ಮೊದಲೇ ತಿಳಿಸಿದ್ದರು.

ಮೊದಲ ಬೆಳಿಗ್ಗೆ ಅವನು ನನ್ನ ಎರಡೂ ಪಾದಗಳನ್ನು ತನ್ನ ಕೋಟಿನೊಳಗೆ ಹೊಟ್ಟೆಗೆ ಆನಿಸಿಕೊಂಡು ಕೂತ. ಆಮೇಲೆ ಒಂದೊಂದೇ ಬೆರಳು ಉಜ್ಜಿದ.

"ಇಂಥಾ ಮೆತ್ತನ ಚರ್ಮ ನಮ್ಮ ಕಾರ್ಖಾನ್ಯಾಗ ಬಂದ್ರ ಹೆಂಗಸರ ಕೈಚೀಲ ಮಾಡ್ತಾರ ನೋಡಲೇ."

ನಾನು ನಕ್ಕೆ. ನಗುತ್ತಲೇ ನನ್ನ ಮೈ ಮುದುಡಿಕೊಳ್ಳುತ್ತಿತ್ತು. ಅವನು ತನ್ನ ಕಾಲು ಚಾಚಿದಾಗ ನಾನು ಪುಡಿಯ ಡಬ್ಬಿಯನ್ನು ಅವನ ಕೈಗೇ ಕೊಟ್ಟೆ. ಕೈ ಸೆಟೆದಿದೆ ಎಂದೆ. ಅವನು ನನ್ನ ಮುಖ ನೋಡಿದ, ಹೆಗಲು ಕುಣಿಸಿದ, ತಾನೇ ಉದುರಿಸಿಕೊಂಡ. ಕಾರ್ಪೊರಲ್ ಬಂದು "ಪಾದ?" ಎಂದ. "ಸರಿ ಇದೆ, ಕಾರ್ಪೊರಲ್" ಎಂದೆ. ಎರಡನೆಯ ಬೆಳಿಗ್ಗೆಯೂ ಹಾಗೇ ಆಯಿತು.

ಮೂರನೆಯ ಬೆಳಿಗ್ಗೆ ಅವನು ತಾನಾಗಿ ಕೇಳಿದ.

"ಡಾಕ್, ಒಂದೀಟು ಕೈ ಹಚ್ಚಿ ನೋಡು. ಬೆಚ್ಚಗ ಅದಾವೋ, ತಣ್ಣಗಾಗ್ಯಾವೋ? ನನ್ನ ಕೈನೂ ಮರಗಟ್ಯಾವ, ನನಗ ಗೊತ್ತಾಗವಲ್ದು."

ಅವನ ಪಾದ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಮೇಣದ ಹಾಗೆ ಬೆಳ್ಳಗಿತ್ತು. ಬಿಳಿಯರ ಕಾಲು ಬೆಳ್ಳಗೇ ಇರುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೈಗವಸು ತೆಗೆಯಲಿಲ್ಲ. ಬಗ್ಗಿ ನೋಡಿದ ಹಾಗೆ ಮಾಡಿ, "ಛಲೋ ಅದಾವ" ಎಂದೆ.

"ನೀ ಹೇಳಿದ್ರ ಮುಗೀತು. ಡಾಕ್ಟರ ಮಗಾ ನೀನು" ಎಂದು ಅವನು ಕಾಲುಚೀಲ ಎಳೆದುಕೊಂಡ.

ನಾಲ್ಕನೆಯ ಬೆಳಿಗ್ಗೆ ಅವನು ಏನೂ ಕೇಳಲಿಲ್ಲ. ನೋವೆಲ್ಲ ಹೋಯಿತು, ಈಗ ಆರಾಮ ಎಂದ. ನನ್ನ ಕಾಲನ್ನು ಮಾತ್ರ ಎಂದಿನಂತೆ ಉಜ್ಜಿದ. ಅವನಿಗೆ ಆರಾಮವಾಯಿತಲ್ಲ ಎಂದು ನನಗೆ ನಿರಾಳವಾಯಿತು... ನೋವು ಹೋಗುವುದೇ ಕೆಟ್ಟ ಸೂಚನೆ ಎಂದು ಶಿಬಿರದಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದರು. ನಾನು ಅದನ್ನು ಚಂದದ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದೆ.

ಐದನೆಯ ದಿನ ಬೆಳಿಗ್ಗೆಯೂ "ಸರಿ ಇದೆ" ಎಂದೆ. ಅಂದು ಲಾರಿಗಳಿದ್ದ ರಸ್ತೆಗೆ ಹನ್ನೆರಡು ಮೈಲಿ ನಡೆಯಬೇಕಿತ್ತು. ಏಳನೆಯ ಮೈಲಿಗೆ ಅವನು ಕುಡಿದವನಂತೆ ತೂರಾಡತೊಡಗಿದ. ಒಂದು ಕಲ್ಲಿನ ಗೋಡೆಯ ಹತ್ತಿರ ಕೂತವನು ಏಳಲಿಲ್ಲ. ಎತ್ತಿ ಡಾಕ್ಟರರ ಡೇರೆಗೆ ಒಯ್ದರು. ಬೂಟು ಬರಲಿಲ್ಲ, ಕತ್ತರಿಸಿ ತೆಗೆದರು. ನಾನು ಡೇರೆಯ ಬಾಗಿಲಲ್ಲಿ ಅವನ ರೈಫಲ್ಲನ್ನೂ ನನ್ನದನ್ನೂ ಹಿಡಿದು ನಿಂತಿದ್ದೆ. ಅವನ ಪಾದಗಳನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಬೆರಳುಗಳು ನೇರಳೆ, ಕೆಲವು ಕಪ್ಪು. ಅವನು ಮಲಗಿದಲ್ಲಿಂದಲೇ ತಲೆ ಎತ್ತಿ ತನ್ನ ಕಾಲು ನೋಡಿದ, ಆಮೇಲೆ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಡಾಕ್ಟರರನ್ನು ಒಂದೇ ಮಾತು ಕೇಳಿದ, "ನಡೀಲಿಕ್ಕೆ ಬರ್ತದಲ್ರಿ?" ಅವರು ಕಾಲಿಗೆ ಹತ್ತಿ ಸುತ್ತುತ್ತಲೇ ಇದ್ದರು.

ಮೂರು ವಾರದ ಮೇಲೆ ವಿಚಾರಣೆ ನಡೆಯಿತು. ಅಷ್ಟರಲ್ಲಿ ಅವನ ಎಡಪಾದದ ಐದೂ ಬೆರಳು, ಬಲಪಾದದ ಎರಡು ಹೋಗಿದ್ದವು. ಸೈನ್ಯದಲ್ಲಿ ಕಾಲು ಕೆಡಿಸಿಕೊಳ್ಳುವುದೂ ಒಂದು ತಪ್ಪು. ಯಾರದು ಎಂದು ಬರೆಯಬೇಕು, ಇಷ್ಟೇ ಅವರಿಗೆ ಬೇಕಾದದ್ದು. ಅವನನ್ನು ಗಾಲಿಕುರ್ಚಿಯಲ್ಲಿ ತಂದು ನನ್ನ ಪಕ್ಕಕ್ಕೆ ನಿಲ್ಲಿಸಿದರು. ಅಧಿಕಾರಿ ಮೊದಲು ನನ್ನನ್ನೇ ಕೇಳಿದ, ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದು ನೋಡಿದೆಯಾ ಎಂದು. ಶಿಕ್ಷೆಯ ಕೋಣೆ ನೆನಪಾಯಿತು. ಆಸ್ಪತ್ರೆಯಲ್ಲಿ ಅಪ್ಪನ ಮರ್ಯಾದೆ ನೆನಪಾಯಿತು. ಯಾಕೆ ಮುಟ್ಟಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸಿತು.

"ನೋಡಿದೆ, ಸರ್."

ಅಧಿಕಾರಿ ಅವನ ಕಡೆ ತಿರುಗಿದ. "ಇವನು ನೋಡಿದ್ದು ನಿಜವೇ?"

ಅವನು ತನ್ನ ಮೊಣಕಾಲಿನ ಮೇಲಿದ್ದ ಕಂಬಳಿಯನ್ನು ಸರಿಮಾಡಿಕೊಂಡ.

"ನೋಡ್ಯಾನ, ಸರ್. ನಾನ ಮುಚ್ಚಿಟ್ಟೆ."

ಹಾಗೆಂದೇ ಬರೆದುಕೊಂಡರು. ತಪ್ಪು ಅವನದಾಯಿತು. ಹೊರಗೆ ಕುರ್ಚಿ ತಳ್ಳುವವನು ಬರುವ ತನಕ ನಾವಿಬ್ಬರೇ ಇದ್ದೆವು. ಅವನೇ ಅಂದ, "ನಿನ್ನ ಕಾಲ ಹೆಂಗದಾವ ಡಾಕ್? ಪುಡಿ ಹಾಕೋತ ಇರು."

ಅವನಿದ್ದ ಆಸ್ಪತ್ರೆ ನಮ್ಮ ಶಿಬಿರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಭಾನುವಾರ ರಜೆ ಇರುತ್ತಿತ್ತು. ನಾನು ಹೋಗಲಿಲ್ಲ. ಟಪಾಲಿನ ಕೆಲಸಕ್ಕೆ ಅವನನ್ನು ತೆಗೆದುಕೊಳ್ಳಲಿಲ್ಲ, ಮತ್ತೆ ಅದೇ ಚರ್ಮದ ಹೊಂಡಕ್ಕೆ ಹೋದ ಎಂದು ಬೇರೆಯವರಿಂದ ತಿಳಿಯಿತು.

ಸುಮಾರು ಹದಿನೈದು ವರ್ಷ ಕಳೆದ ಮೇಲೆ, ಪರಿಚಯದವರ ಮನೆಯ ಗೃಹಪ್ರವೇಶಕ್ಕೆಂದು ನಾನೂ ನನ್ನ ಹೆಂಡತಿಯೂ ಲೀಡ್ಸಿಗೆ ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ ಒಬ್ಬ ಮನುಷ್ಯ ಒದ್ದೆ ನೆಲದ ಮೇಲೆ ನಡೆಯುವವನ ಹಾಗೆ ಹಿಮ್ಮಡಿಯನ್ನೇ ಊರಿ ಊರಿ ಬರುತ್ತಿದ್ದ. ಕಿವಿ ನೋಡಿ ಗುರುತು ಹಿಡಿದೆ. ಅವನೂ ಹಿಡಿದ. ಕೈ ಎತ್ತಿ "ಡಾಕ್" ಎಂದು ಕೂಗಿದ. ಆ ದನಿಯಲ್ಲಿ ಸಂತೋಷವಿತ್ತು. ನಾನು ಗೋಡೆಯ ಮೇಲಿನ ವೇಳಾಪಟ್ಟಿಯ ಕಡೆಗೆ ತಿರುಗಿ ಓದುತ್ತಾ ನಿಂತೆ. ಬಸ್ಸು ಬಂದಿತು, ಹತ್ತಿದೆ. ಆ ಮನುಷ್ಯ ನಿಮ್ಮನ್ನೇ ಕರೆದ ಹಾಗಿತ್ತಲ್ಲರೀ ಎಂದು ಹೆಂಡತಿ ಕೇಳಿದಳು. ಯಾರೋ ಗೊತ್ತಿಲ್ಲ ಎಂದೆ.

ಅವಳು ತೀರಿದ ಮೇಲೆ ಧೈರ್ಯ ಮಾಡಿ ಹುಡುಕಿಕೊಂಡು ಹೋದೆ. ಕಾರ್ಖಾನೆ ಇದ್ದ ಕಡೆ ಫ್ಲ್ಯಾಟುಗಳು ಎದ್ದಿದ್ದವು. ಆ ರಸ್ತೆಯ ಒಬ್ಬ ಮುದುಕಿ, ಅವನು ಸತ್ತು ನಾಲ್ಕು ವರ್ಷವಾಯಿತು ಎಂದಳು. "ನೀನು ಯಾರು, ಸೈನ್ಯದ ಸ್ನೇಹಿತನಾ?" ಎಂದಳು. ಹೌದು ಎಂದೆ. ಅದೂ ಸುಳ್ಳೇ.

ಕ್ಲಿನಿಕ್ಕಿನಲ್ಲಿ ಆ ಮೈಸೂರಿನ ಹುಡುಗಿ ಪುಡಿ ಹಾಕಿದ ಮೇಲೆ ಸಣ್ಣ ನೈಲಾನ್ ಎಳೆಯೊಂದನ್ನು ಕೈಗೆತ್ತಿಕೊಂಡಳು. "ಕಣ್ಣು ಮುಚ್ಕೊಳ್ಳಿ ತಾತ. ಬೆರಳಿಗೆ ಇದನ್ನ ಮುಟ್ಟಿಸ್ತೀನಿ. ಗೊತ್ತಾದಾಗ ಹೂಂ ಅನ್ನಿ."

ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ "ಹೂಂ" ಎಂದೆ. ಇನ್ನೊಂದು ಸಲ "ಹೂಂ" ಎಂದೆ. ಮತ್ತೊಂದು ಸಲ.

"ತಾತ, ನಾನಿನ್ನೂ ಮುಟ್ಟೇ ಇಲ್ಲ."

ಕಣ್ಣು ತೆರೆದೆ. ಅವಳು ಬೈಯಲಿಲ್ಲ. ಎಳೆಯನ್ನು ಪಕ್ಕಕ್ಕಿಟ್ಟು ನನ್ನ ಪಾದವನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕೂತಳು. ಅವಳ ಕೈ ಬೆಚ್ಚಗಿದ್ದಿರಬೇಕು. ನನಗೆ ತಿಳಿಯಲಿಲ್ಲ. ಹತ್ತು ಬೆರಳೂ ಕಣ್ಣೆದುರಿಗಿದ್ದವು, ಒಂದೂ ಕಡಿಮೆಯಿಲ್ಲ. ಅವು ಉಳಿದದ್ದು ಇನ್ನೊಬ್ಬನ ಹೊಟ್ಟೆಯ ಬಿಸಿಯಿಂದ ಎಂದು ಅವಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಅವಳಿಗೆ ಹೇಳಿ ಏನಾಗಬೇಕಿತ್ತು? ಕೇಳಬೇಕಾದವನು ಬೇರೆ. ಲೀಡ್ಸಿನ ಚರ್ಮದ ಕಾರ್ಖಾನೆಯವನು, ಟಪಾಲು ಹಂಚಬೇಕಿದ್ದವನು, ನನ್ನನ್ನು ಡಾಕ್ ಎಂದು ಕರೆದು ನಂಬಿದವನು, ನನ್ನ ಜೋಡಿ.