ಜಯಮ್ಮನವರ ಅಂಗಡಿಯ ಜೀರ್ಣದ ಚಾಕಲೇಟು

ಇವತ್ತು ಮಧ್ಯಾಹ್ನ ವಿಜಯನಗರದ ಬಸ್‌ಸ್ಟಾಪಿನಲ್ಲಿ ಪಕ್ಕದವರೊಬ್ಬರು ಸಿಗರೇಟು ಹಚ್ಚಿದರು. ನಾನು ಬಿಟ್ಟು ಮೂರು ವರ್ಷವಾಗಿದೆ. ಆದರೂ ಆ ಮೊದಲ ಹೊಗೆಗೆ ನನ್ನ ಮೂಗು ಈಗಲೂ ಅರಳುತ್ತದೆ. ನಾಚಿಕೆಯಿಲ್ಲದ ಮೂಗು! ಅದನ್ನು ಬೈಯುತ್ತಲೇ ಜಯಮ್ಮನವರನ್ನು ನೆನೆದೆ.

ಕಾಮಾಕ್ಷಿಪಾಳ್ಯದಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ಗಾರ್ಮೆಂಟ್ಸಿನ ಎದುರಿಗೇ ಅವರ ಬೀಡಾ ಅಂಗಡಿ. ಎಲೆಗೆ ಸುಣ್ಣ ಸವರುವ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ಅಷ್ಟೇ. ದಿನಕ್ಕೆ ಎರಡೇ ಸಿಗರೇಟು ಎಂದು ಹೆಂಡತಿ ಸರೋಜಳಿಗೆ ಹೇಳಿದ್ದೆ. ಉಳಿದ ಆರರ ವಿಷಯ ಜಯಮ್ಮನವರಿಗೆ ಮಾತ್ರ ಗೊತ್ತಿತ್ತು.

ಒಂದು ದಿನ ಸಿಗರೇಟು ಪ್ಯಾಕುಗಳ ಪಕ್ಕ ತೆಳ್ಳನೆಯ ಕಾಗದದ ಪುಟ್ಟ ಕಟ್ಟುಗಳು ಕಾಣಿಸಿದವು. "ಕಾಲೇಜ್ ಹುಡುಗ್ರು ಬಂದು ಬಂದು ಕೇಳ್ತಾರೆ ಸಾರ್. ಏನಕ್ಕೆ ಇದು?" ಎಂದರು. "ತಂಬಾಕು ಸುತ್ಕೊಳ್ಳೋಕೆ. ಈಗಿನ ಫ್ಯಾಷನ್," ಎಂದೆ, ಎಲ್ಲ ಬಲ್ಲವನ ಗತ್ತಿನಲ್ಲಿ. ಆ ತಂಬಾಕಿಗೆ ಗಾಂಜಾ ಬೆರೆಸುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಹಸಿರು ಹಾಳೆಯ ಚಾಕಲೇಟು ಬಂತು. ಆಯುರ್ವೇದದ್ದು, ಜೀರ್ಣಕ್ಕೆ ಒಳ್ಳೆಯದು ಎಂದು ಏಜೆಂಟ್ ಹೇಳಿ ಹೋಗಿದ್ದನಂತೆ. ಒಂದು ಶನಿವಾರ ಮುದ್ದೆ ಸ್ವಲ್ಪ ಹೆಚ್ಚಾಗಿತ್ತು. ಎರಡು ತಿಂದೆ.

ಮೂಡಲಪಾಳ್ಯದ ಮನೆ ಸೇರಿ ಅವರೆಕಾಯಿ ಬಿಡಿಸಲು ಕೂತೆ. "ಏನ್ರೀ, ಅರ್ಧ ಗಂಟೆಯಿಂದ ಒಂದೇ ಕಾಯಿ ಹಿಡ್ಕೊಂಡು ನಗ್ತಾ ಇದೀರಾ?" ಎಂದಳು ಸರೋಜ. ನನ್ನ ಲೆಕ್ಕದಲ್ಲಿ ಎರಡು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ಎದೆ ಡವಗುಟ್ಟತೊಡಗಿತು. "ನಾನು ಹೋಗ್ಬಿಡ್ತೀನಿ ಕಣೇ," ಎಂದು ಅತ್ತೆನಂತೆ. ಆಟೋದಲ್ಲಿ ಕ್ಲಿನಿಕ್ಕಿಗೆ ಓಡಿದೆವು.

ಡಾಕ್ಟರಮ್ಮ ನನ್ನ ಜೇಬಿನಲ್ಲಿದ್ದ ಹಸಿರು ಹಾಳೆಯನ್ನು ಓದಿದರು. "ಇದ್ರಲ್ಲಿ ಭಂಗಿ ಸೊಪ್ಪಿದೆ. ಗಾಂಜಾ ಗಿಡದ್ದೇ. ಎಲ್ಲಿ ಸಿಕ್ತು?"

"ಸಿಗರೇಟ್ ತಗೊಳ್ಳೋ ಅಂಗಡೀಲಿ."

"ದಿನಕ್ಕೆ ಎಷ್ಟು ಸೇದ್ತೀರಿ?"

"ಎಂಟು."

ಚಾಕಲೇಟಿನ ಮಹಿಮೆ, ನಿಜ ಹೊರಗೆ ಬಿತ್ತು. ಸರೋಜ ನೋಡಿದ ನೋಟಕ್ಕೇ ಅರ್ಧ ಅಮಲು ಇಳಿಯಿತು.

ಸೋಮವಾರ ಅವಳೂ ಅಂಗಡಿಗೆ ಬಂದಳು. ವಿಷಯ ಕೇಳಿ ಜಯಮ್ಮನವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಮೆಷಿನ್ ಮೇಲೆ ಕೂರೋ ಹೆಣ್ಮಕ್ಳು ಹೊಟ್ಟೆನೋವು ಅಂದ್ರೆ ಇದನ್ನೇ ಕೊಡ್ತಿದ್ನಲ್ಲಮ್ಮಾ! ಸೂಜಿ ಕೈಗೆ ಹೊಕ್ಕಿದ್ರೆ?" ಚಾಕಲೇಟು, ಕಾಗದದ ಕಟ್ಟು ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಅಷ್ಟಾದ ಮೇಲೂ ನಾನು ಅಭ್ಯಾಸಬಲದಿಂದ ಸಿಗರೇಟಿಗೆ ಕೈ ಚಾಚಿದೆ.

"ಅದನ್ನ ಗೊತ್ತಿಲ್ದೆ ಮಾರ್ದೆ. ಇದನ್ನ ಗೊತ್ತಿದ್ದೂ ಕೊಡ್ತಾ ಇದೀನಿ. ಇನ್ನು ನಿಮ್ಗೆ ಕೊಡಲ್ಲ ಸಾರ್."

ಮರುದಿನ ಕದ್ದು ಪಕ್ಕದ ಬೀದಿಯ ಅಂಗಡಿಗೆ ಹೊರಟರೆ ಹಿಂದಿನಿಂದಲೇ ಕೂಗಿದರು: "ಸರೋಜಮ್ಮನ ನಂಬರ್ ಇದೆ ನನ್ನತ್ರ!" ಹೀಗೆ ನಾನು ಬಿಟ್ಟೆ. ದೃಢಸಂಕಲ್ಪ ಎಂದೆಲ್ಲ ನೀವು ಹೊಗಳಬೇಕಿಲ್ಲ. ಅವರೂ ಸಿಗರೇಟು ತರಿಸುವುದನ್ನು ನಿಧಾನವಾಗಿ ನಿಲ್ಲಿಸಿ ಹೂವು, ಬಾಳೆಹಣ್ಣು ಇಟ್ಟುಕೊಂಡರು.

ನಿವೃತ್ತನಾದ ಮೇಲೆ ಆ ಕಡೆ ಹೋಗಿರಲಿಲ್ಲ. ಇವತ್ತು ಮನೆಯ ಬಸ್ಸು ಬಿಟ್ಟು ಕಾಮಾಕ್ಷಿಪಾಳ್ಯದ ಬಸ್ಸು ಹತ್ತಿದೆ. ಜಯಮ್ಮನವರು ಆಗಷ್ಟೇ ಊಟ ಮುಗಿಸಿದ್ದರು. ಅವರಿಗೆ ಏನೋ ಚಡಪಡಿಕೆ.

"ಹೊಗೆಸೊಪ್ಪು ಬಿಟ್ಟು ಹತ್ತು ದಿನ ಆಯ್ತು ಸಾರ್," ಎಂದು ಮೆಲ್ಲನೆ ಹೇಳಿದರು.

ಅಷ್ಟು ವರ್ಷ ಎದುರಿಗೇ ನಿಂತಿದ್ದೆ. ಅವರ ಕೆನ್ನೆಯೊಳಗೂ ಒಂದು ಚೂರು ಇರುತ್ತಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

"ಊಟ ಆದ್ಮೇಲೆ ಹತ್ತು ನಿಮಿಷ ಬಲು ಕಷ್ಟ. ಸುಮ್ನೆ ಏನಾದ್ರೂ ಮಾತಾಡ್ತಾ ಇರಿ."

ಸ್ಟೂಲು ಎಳೆದು ಕೂತೆ. ನಾಳೆಯೂ ಇದೇ ಹೊತ್ತಿಗೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.