ಉಂಗುರದಮ್ಮನ ಬರಿಗೈ

ಲಾಂಡ್ರಿಯಲ್ಲಿ ನಮ್ಮ ದೊಡ್ಡಮ್ಮನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾರೋ ರೋಗಿ ಕಳೆದುಕೊಂಡಿದ್ದ ಉಂಗುರವನ್ನು ಹೊದಿಕೆಯ ಮಡಿಕೆಯೊಳಗಿಂದ ತೆಗೆದುಕೊಟ್ಟ ದಿನದಿಂದ ಅವಳು ಎಲ್ಲರಿಗೂ ಉಂಗುರದಮ್ಮ.

ಸುತ್ತಲಿನ ಊರುಗಳಲ್ಲಿ ಚದುರಿದ್ದ ಏಳು ಆಸ್ಪತ್ರೆಗಳಿಗೆ ಆಡಳಿತ ಒಂದೇ. ಅಷ್ಟೂ ಆಸ್ಪತ್ರೆಗಳ ಬಟ್ಟೆ ಒಗೆಯುವ ಜಾಗವೂ ಒಂದೇ, ದೊಡ್ಡಾಸ್ಪತ್ರೆಯ ಹಿಂದಿನ ತಗಡಿನ ಶೆಡ್ಡು. ಬೆಳಿಗ್ಗೆ ವ್ಯಾನುಗಳು ಬಂದು ಮೂಟೆ ಇಳಿಸುತ್ತಿದ್ದವು. ಮೂಟೆಯ ಬಾಯಿಗೆ ಬಣ್ಣದ ದಾರ: ಹೆರಿಗೆ ಆಸ್ಪತ್ರೆಯದು ಹಳದಿ, ಮೂಳೆ ಆಸ್ಪತ್ರೆಯದು ನೀಲಿ, ಜ್ವರದ ಆಸ್ಪತ್ರೆಯದು ಕೆಂಪು. ದಾರಗಳು ಅದೇ ವ್ಯಾನಿನಲ್ಲಿ ವಾಪಸು ಹೋಗಬೇಕು. ಡ್ರೈವರುಗಳಿಗೋ ಕಾಲು ನಿಲ್ಲದ ಅವಸರ. ಹಾಗಾಗಿ ಮೂಟೆ ನೆಲಕ್ಕೆ ಬೀಳುತ್ತಿದ್ದಂತೆ ಎಲ್ಲ ದಾರಗಳನ್ನೂ ಬಿಚ್ಚಿ ಬಕೆಟ್ಟಿಗೆ ಹಾಕಿ ಕೊಟ್ಟುಬಿಡುವುದು ಅಲ್ಲಿನ ರೂಢಿ. ಆಮೇಲೆ ಹಾಸಿಗೆ ಬಟ್ಟೆ ಒಂದು ರಾಶಿ, ಟವೆಲ್ಲು ಒಂದು ರಾಶಿ, ನಿಲುವಂಗಿ ಇನ್ನೊಂದು ರಾಶಿ. ಯಾವುದು ಎಲ್ಲಿಂದ ಬಂತೆಂದು ಕೇಳುವವರಿರಲಿಲ್ಲ.

ದಪ್ಪ ಕೈಗವಸು ಹಾಕಿಯೇ ವಿಂಗಡಿಸಬೇಕೆಂಬ ನಿಯಮವಿತ್ತು. ಆದರೆ ಗವಸಿನ ಬೆರಳಿಗೆ ಗುಂಡಿ ಯಾವುದು, ಓಲೆ ಯಾವುದು ಗೊತ್ತಾಗುವುದಿಲ್ಲ. ದೊಡ್ಡಮ್ಮ ಬಲಗೈ ಗವಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲಿ ಮಡಿಕೆ ಸವರುತ್ತಿದ್ದಳು. ಮೇಸ್ತ್ರಿ ಕಂಡೂ ಕಾಣದಂತಿರುತ್ತಿದ್ದ. ಏನಾದರೂ ಕಳೆದಿದೆಯೆಂದು ಫೋನು ಬಂದರೆ ಅವನೂ ಅವಳನ್ನೇ ಹುಡುಕಿಕೊಂಡು ಬರಬೇಕಲ್ಲ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತ್ತು. ಇಸ್ತ್ರಿಯವನು, "ಬೇಗ ಕಳಿಸಮ್ಮ, ಪಾಪ ಯಾರೋ ತಟ್ಟೆ ನೋಡ್ಕೊಂಡು ಕೂತಿರ್ತಾರೆ" ಅಂದಿದ್ದನಂತೆ.

ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಕೂಸಿಗೆ ನೀರೆರೆಯುವುದು ದೊಡ್ಡಮ್ಮನೇ. ಆ ದಿನವೂ ಎರೆದು, ಸುತ್ತಿ ಮಲಗಿಸಿ ಹೋಗಿದ್ದಳು. ಲಾಂಡ್ರಿಯಲ್ಲಿ ಹೊದಿಕೆಯೊಂದರ ಅಂಚು ಸವರುವಾಗ ಬೆರಳಿಗೆ ಚುರುಕ್ ಎಂದಿತು. ತೆಗೆದು ನೋಡಿದರೆ ಸೂಜಿ. ಚುಚ್ಚುಮದ್ದಿನ ಸೂಜಿ.

ಅವಳು ಅದನ್ನು ಎಸೆದು ಕೈ ತೊಳೆದುಕೊಂಡಳು. ಗವಸು ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಬರಿಗೈಯ ವಿಷಯ ಬರುತ್ತದೆ. ಮಧ್ಯಾಹ್ನ ಇಸ್ತ್ರಿಯವನು ಬಂದಾಗ ಗವಸು ತೆಗೆದು ನೀರು ಕುಡಿಯುತ್ತಿದ್ದಳು. ಲೋಟದ ಮೇಲೆ ಕೆಂಪು ಗುರುತು.

"ಯಾರ ರಕ್ತ ಇದು?" ಎಂದ.

"ನಂದೇ ಇರ್ಬೇಕು ಬಿಡಪ್ಪ" ಎಂದಳು.

ಅವನು ಬಿಡಲಿಲ್ಲ, ಕೇಳಿ ಕೇಳಿ ಸೂಜಿಯ ವಿಷಯ ಬಾಯಿಬಿಡಿಸಿದ. ರಟ್ಟೆ ಹಿಡಿದು ಆಸ್ಪತ್ರೆಯ ನರ್ಸಮ್ಮನ ಮುಂದೆ ನಿಲ್ಲಿಸಿದ. ನರ್ಸಮ್ಮ ಬೈಯಲಿಲ್ಲ. ಮೊದಲು ಕೇಳಿದ್ದು, ಸೂಜಿ ಯಾವ ಆಸ್ಪತ್ರೆಯ ಮೂಟೆಯಲ್ಲಿತ್ತು ಎಂದು. ಅದು ಗೊತ್ತಾದರೆ ರೋಗಿ ಯಾರೆಂದು ಹುಡುಕಬಹುದು, ಅವರಿಗೆ ಏನಿತ್ತೆಂದು ತಿಳಿಯಬಹುದು. ಹಳದಿಯೋ, ನೀಲಿಯೋ, ಕೆಂಪೋ? ದಾರಗಳೆಲ್ಲ ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹೋಗಿದ್ದವು.

ಯಾರದೆಂದು ಗೊತ್ತಿಲ್ಲದ ಸೂಜಿಗೆ ಎಲ್ಲ ರೋಗಕ್ಕೂ ಹೆದರಬೇಕು. ಮಾತ್ರೆ ಶುರುವಾಯಿತು. ರಕ್ತ ತೆಗೆದರು, ಮತ್ತೆ ಮತ್ತೆ ತೆಗೆಯಬೇಕು, ಆರು ತಿಂಗಳ ಮೇಲೆ ಕೊನೆಯ ಸಲ ಎಂದರು. ಮಗುವನ್ನು ಮುಟ್ಟಬಹುದಾ ಎಂದು ದೊಡ್ಡಮ್ಮ ಕೇಳಿದಳು. ಧಾರಾಳವಾಗಿ ಮುಟ್ಟಿ, ಮುಟ್ಟಿದರೆ ಬರುವಂಥದ್ದಲ್ಲ ಎಂದು ನರ್ಸಮ್ಮ ನಿಧಾನವಾಗಿ, ಎರಡೆರಡು ಸಲ ಹೇಳಿದರು. ದೊಡ್ಡಮ್ಮ ತಲೆಯಾಡಿಸಿದಳು. ತಲೆ ಒಪ್ಪಿತು, ಕೈ ಒಪ್ಪಲಿಲ್ಲ.

ಮಾರನೆಯ ದಿನದಿಂದ ಅವಳಿಗೆ ಬೆನ್ನುನೋವಿನ ನೆಪ. ಕೂಸಿಗೆ ನೀರೆರೆಯಲು ಪಕ್ಕದ ಮನೆಯವರು ಬಂದರು. ದೊಡ್ಡಮ್ಮ ತನ್ನ ಲೋಟ, ತಟ್ಟೆ, ಟವೆಲ್ಲು ಬೇರೆ ಇಟ್ಟಳು. ಮಾತ್ರೆಗೆ ಹೊಟ್ಟೆ ತೊಳೆಸಿದರೆ ನಲ್ಲಿ ಜೋರಾಗಿ ಬಿಟ್ಟು ಬಚ್ಚಲಲ್ಲಿ ಕೂರುತ್ತಿದ್ದಳು. ಕೂಸು ಅತ್ತರೆ ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಹಗಲೆಲ್ಲ ಹೆಬ್ಬೆರಳಿನಿಂದ ಆ ಬೆರಳಿನ ತುದಿ ಉಜ್ಜುತ್ತಲೇ ಇರುತ್ತಿದ್ದಳು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣದಿರುವುದೇ ಹೆಚ್ಚು ಭಯ.

ಅಕ್ಕ ಎಷ್ಟು ದಿನ ಸುಮ್ಮನಿರುತ್ತಾಳೆ? ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ಹೆಣ್ಣಾಯ್ತು ಅಂತ ತಾನೇ ಕೂಸನ್ನ ಮುಟ್ತಿಲ್ಲ? ನೇರವಾಗಿ ಹೇಳಿಬಿಡಮ್ಮ."

ಆಗ ದೊಡ್ಡಮ್ಮ ಎಲ್ಲವನ್ನೂ ಹೇಳಿದಳು. ಸೂಜಿ ಎಂಬ ಮಾತು ಕೇಳಿದ್ದೇ ಅಕ್ಕನ ಕೈ ತಾನಾಗಿ ಕೂಸನ್ನು ಎದೆಗೆಳೆದುಕೊಂಡಿತು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ. ಮರುಗಳಿಗೆ ಅಕ್ಕನೇ ಅಳುತ್ತ, ತಗೋ ಎತ್ಕೋ, ನರ್ಸಮ್ಮ ಹೇಳಿದ್ದಾರಲ್ಲ ಎಂದು ಕೂಸನ್ನು ಚಾಚಿದಳು. ದೊಡ್ಡಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಲಾಂಡ್ರಿಯಲ್ಲಿ ಈಗ ಒಂದು ಮೂಟೆ ಮುಗಿಯುವ ತನಕ ಅದರ ದಾರ ಮೇಜಿನ ಮೊಳೆಗೆ ನೇತಾಡುತ್ತಿತ್ತು. ಡ್ರೈವರುಗಳು ಗೊಣಗಿದರೂ ಕಾಯುತ್ತಿದ್ದರು. ದೊಡ್ಡಮ್ಮ ಗವಸು ಬಿಚ್ಚುತ್ತಿರಲಿಲ್ಲ. ಏನೂ ಸಿಗುತ್ತಿರಲಿಲ್ಲ. ಯಾರದೋ ಓಲೆ ಮೆಷಿನ್ನಿನೊಳಗೆ ಹೋಗಿ ಚಪ್ಪಟೆಯಾಗಿ ಬಂದಾಗ ಮೇಸ್ತ್ರಿ ಅವಳ ಮುಖ ನೋಡಿದ. ನಡುವೆ ಬಂದ ಪರೀಕ್ಷೆಗಳಲ್ಲಿ ಏನೂ ಇರಲಿಲ್ಲ. ಕೊನೆಯದು ಬರಲಿ ಎನ್ನುತ್ತಿದ್ದಳು ಅವಳು.

ಕೊನೆಯದು ಬಂದ ದಿನ ನರ್ಸಮ್ಮ ತಾವೇ ಶೆಡ್ಡಿಗೆ ಬಂದರು. ಮೆಷಿನ್ನುಗಳ ಗದ್ದಲದಲ್ಲಿ ಮಾತು ಕೇಳಿಸದೆ, ಕೈಯಾಡಿಸಿ ತೋರಿಸಿದರು: ಏನಿಲ್ಲ. ದೊಡ್ಡಮ್ಮ ಗವಸು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟೇಬಿಟ್ಟಳಂತೆ.

ಮನೆಗೆ ಬಂದವಳು ನೇರ ಬಚ್ಚಲಿಗೆ ಹೋಗಿ ನೀರು ಕಾಯಿಸಿದಳು. ಮೊಣಕೈ ಅದ್ದಿ ಬಿಸಿ ನೋಡಿದಳು. ಕಾಲು ಚಾಚಿ ಕೂತು, "ಕೊಡು" ಎಂದಳು. ಅಕ್ಕ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದಳು. ಅದಕ್ಕಾಗಲೇ ಮುಖ ಗುರುತು ಹಿಡಿಯುವ ವಯಸ್ಸು. ಎದುರಿನ ಮುಖವನ್ನೇ ನೋಡಿತು, ಮೈಮೇಲಿನ ಕೈಗಳನ್ನು ನೋಡಿತು, ತುಟಿ ನಡುಗಿಸಿ ಕಿರುಚತೊಡಗಿತು. ಬಾಗಿಲಲ್ಲಿ ನಿಲ್ಲುತ್ತಿದ್ದ ಮುಖ ಗೊತ್ತಿದ್ದರೂ ಆ ಕೈಗಳ ಪರಿಚಯ ಅದಕ್ಕಿರಲಿಲ್ಲ. ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಹೊಸ ಕೈ ಅಂದ್ರೆ ಹಾಗೇ ಅದು" ಎಂದಳು ಅಕ್ಕ. "ಕೈ ತೆಗೀಬೇಡಮ್ಮ."

ಒಂದು ಕೈ ಕೂಸಿನ ಎದೆಯ ಮೇಲಿಟ್ಟು ದೊಡ್ಡಮ್ಮ ಒಂದು ಚೊಂಬು ನೀರು ಹುಯ್ದಳು.