ನಾಯಿಗೆ ಪಥ್ಯ, ಮಾವನಿಗೆ ಸಿಟ್ಟು

ಬಸ್ ನಿಲ್ದಾಣದಲ್ಲಿ ಸಿಕ್ಕ ಬಡಕಲು ನಾಯಿಯನ್ನು ಮನೆಗೆ ತಂದು ಮೂರು ದಿನವಾಯಿತು, ಗೆಳೆಯರೇ. ‘ಹಸಿದ ಹೊಟ್ಟೆಯನ್ನ ಒಮ್ಮೆಲೇ ತುಂಬಿಸಬೇಡ್ರಿ, ಮೆತ್ತನೆ ಮೊಸರನ್ನ ಸ್ವಲ್ಪ ಸ್ವಲ್ಪ ಕೊಡ್ರಿ’ ಎಂದಿದ್ದರು ಪಶುವೈದ್ಯರು.

ಇಂದು ಬೆಳಿಗ್ಗೆ ಹರಿಯಬ್ಬೆ ಹಳ್ಳಿಯಿಂದ ಬಂದ ನಮ್ಮ ಸೋದರಮಾವ ನಾಯಿಯ ತಟ್ಟೆ ನೋಡಿದರು. ಮಾವನದು ಕುರಿ ಸಾಕಣೆ.

‘ಏನಮ್ಮ, ಇದು ನಾಯಿಗಿಕ್ಕಿದ್ದೋ ಗುಬ್ಬಿಗಿಕ್ಕಿದ್ದೋ? ನಮ್ಮ ಹಟ್ಟಿ ನಾಯಿಗೆ ಯಾವ ಡಾಕ್ಟ್ರು ಚೀಟಿ ಬರ್ದವ್ರೆ?’

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ಮುದ್ದೆ, ಬಾಡಿನ ಸಾರು ನಾಯಿಯ ಹೊಟ್ಟೆ ಸೇರಿತ್ತು. ಸ್ವಲ್ಪ ಹೊತ್ತಿಗೆ ಅಷ್ಟೂ ಮಾವನ ಬಿಳಿ ಪಂಚೆಯ ಮೇಲಿತ್ತು. ನಾಯಿ ನಡುಗುತ್ತಿತ್ತು. ಗಾಬರಿಯಿಂದ ನಾನು ಅದನ್ನೆತ್ತಿಕೊಂಡು ವೈದ್ಯರ ಬಳಿಗೆ ಓಡಿದೆ. ಸೂಜಿ ಹಾಕಿದ ಮೇಲೆ ಸುಧಾರಿಸಿಕೊಂಡಿತು.

ಈಗ ಮಾವ ನನ್ನ ಗಂಡನ ಲುಂಗಿ ಉಟ್ಟು ಕುಳಿತಿದ್ದಾರೆ. ‘ಮೊಸರನ್ನ ಇಕ್ಕಿ ಹೊಟ್ಟೆ ಕೆಡಿಸೀರಿ. ಮುದ್ದೆದೇನು ತಪ್ಪೈತೆ?’

ನಾಯಿ ಮೂರೇ ದಿನದಲ್ಲಿ ಹೇಳಿದ ಮಾತು ಕೇಳುವುದನ್ನು ಕಲಿತಿದೆ. ಮಾವನಿಗೆ ಈಗಿನ್ನೂ ಅರವತ್ತೆಂಟು.